ಬೈಗುಳದ ಪುಸ್ತಕ

“ಕೌಶಲಗಳು ಅನ್ನೋ ಕಡೆ ಸಹಾನುಭೂತಿ ಅಂತ ಬರ್ದಿದೀರಿ. ಅದನ್ನ ಎಲ್ಲಿ ಕಲಿತ್ರಿ?” ಮುಖ್ಯ ವಿನ್ಯಾಸಕರು ಅರ್ಜಿಯಿಂದ ತಲೆಯೆತ್ತದೆ ಕೇಳಿದರು.

“ಆಸ್ಪತ್ರೆ ಕೌಂಟರಲ್ಲಿ ಸಾರ್. ಬೈಸ್ಕೊಂಡು ಕಲ್ತೆ.”

ಪಕ್ಕದಲ್ಲಿ ಕೂತಿದ್ದ ನೇಮಕಾತಿಯ ಮೇಡಂ ನಗು ತಡೆಯಲು ನೀರು ಕುಡಿದರು. ಮೂರನೇ ಕೌಂಟರಿನಲ್ಲಿ ಒಂಬತ್ತು ವರ್ಷ ಚೀಟಿ ಹರಿದುಕೊಟ್ಟವಳನ್ನು ಆಸ್ಪತ್ರೆಯಲ್ಲಿ ಎಲ್ಲರೂ ಟೋಕನ್ ಅಕ್ಕ ಎಂದೇ ಕರೆಯುತ್ತಿದ್ದರು. ಆಮೇಲೆ ಇದೇ ಕಂಪನಿಯ, ಡಾಕ್ಟರ ಭೇಟಿ ಕಾಯ್ದಿರಿಸುವ ಆ್ಯಪ್ ಬಂತು. ಮುಂದಿನ ಒಂದು ವರ್ಷ ಅವಳಿಗಿದ್ದ ಕೆಲಸ, ಆ್ಯಪಿನ ಕೈಯಲ್ಲಿ ಪಾಡುಪಟ್ಟು ಬಂದವರಿಂದ ಬೈಸಿಕೊಳ್ಳುವುದು. ಅದೂ ಮುಗಿದು ಕೌಂಟರ್ ಮುಚ್ಚಿದಾಗ ಅವಳು ಅಳಲಿಲ್ಲ, ಆರು ತಿಂಗಳ ಕೋರ್ಸು ಸೇರಿದಳು. ಜನ ತಡವರಿಸದ ಹಾಗೆ ಆ್ಯಪನ್ನು ರೂಪಿಸುವ ಕೆಲಸ, ಯುಎಕ್ಸ್ ಅನ್ನುತ್ತಾರೆ. ಈಗ ಆ ಕೆಲಸವನ್ನೇ ಕೇಳಿಕೊಂಡು ಬಂದು ಕೂತಿದ್ದಳು. ಸಿಗದಿದ್ದರೆ ಅಣ್ಣನ ಅಂಗಡಿಯೇ ಗತಿ, ಅತ್ತಿಗೆಯ ಕೊಂಕು ಮಾತೇ ಊಟ.

ವಿನ್ಯಾಸಕರು ಗೋಡೆಯ ಪರದೆಯಲ್ಲಿ ಒಂದು ಚಿತ್ರ ಬಿಟ್ಟರು. ಆಸ್ಪತ್ರೆಯ ಆ್ಯಪಿನದ್ದೇ ಚಿತ್ರ. ನಡುವೆ ಒಂದು ಪುಟ್ಟ ಪೆಟ್ಟಿಗೆ: ‘ನಿಮ್ಮ ಭೇಟಿಯನ್ನು ರದ್ದು ಮಾಡಬೇಕೇ?’ ಕೆಳಗೆ ಎರಡು ಗುಂಡಿ. ಎಡಕ್ಕೆ ‘ರದ್ದು’, ಬಲಕ್ಕೆ ‘ಸರಿ’.

“ಇದು ನಾನೇ ಮಾಡಿದ್ದು. ನಮ್ಮ ಹನ್ನೊಂದು ಆ್ಯಪಲ್ಲೂ ಇದೇ ಪೆಟ್ಟಿಗೆ. ಬಣ್ಣ, ಅಂಚು, ಅಕ್ಷರದ ಗಾತ್ರ, ಇದರ ಬಗ್ಗೆ ಏನನ್ಸುತ್ತೆ ಹೇಳಿ.”

ಅವಳಿಗೆ ಪಿತ್ತ ನೆತ್ತಿಗೇರಿತು. ಈ ಪೆಟ್ಟಿಗೆಯನ್ನು ಅವಳು ಕನಸಿನಲ್ಲೂ ಕಂಡಿದ್ದಳು. ಹೊಗಳಿದರೆ ಕೆಲಸ ಸಿಗುತ್ತದೆ ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

“ಬಣ್ಣ ಚೆನ್ನಾಗಿದೆ ಸಾರ್. ಮಾತು ಕೆಟ್ಟಿದೆ,” ಎಂದಳು. “ಇಲ್ಲಿ ರದ್ದು ಅಂತ ಒತ್ತಿದ್ರೆ ಭೇಟಿ ಉಳಿಯುತ್ತೆ. ಸರಿ ಅಂತ ಒತ್ತಿದ್ರೆ ಹೋಗುತ್ತೆ. ಒಬ್ರು ಅಜ್ಜ, ಎದೆನೋವಿನೋರು. ಪುಟ ಮುಚ್ಚೋಕೆ ಹೋದಾಗ ಇದು ಎದ್ದು ಬಂತು. ಗಾಬರಿಯಾಗಿ, ಎಲ್ಲ ಸರಿಯಾಗಿರ್ಲಿ ಅಂತ ‘ಸರಿ’ ಒತ್ತಿದ್ರು. ಎರಡು ಸಲ ಹೀಗೇ ಡಾಕ್ಟರ ಭೇಟಿ ತಪ್ಪಿಹೋಯ್ತು. ಮೂರನೇ ಸಲ ನನ್ನ ಕೌಂಟರಿಗೆ ಬಂದು, ‘ಸರಿ ಅಂದ್ರೆ ಸರಿ ಅಲ್ವೇನಮ್ಮಾ’ ಅಂತ ಕೇಳಿದ್ರು. ಅವರಿಗೆ ಏನು ಹೇಳ್ಲಿ, ನೀವೇ ಹೇಳಿ.”

ವಿನ್ಯಾಸಕರ ಕಿವಿ ಕೆಂಪಾಯಿತು. “ಜನ ಓದಿ ಒತ್ತಬೇಕಮ್ಮಾ. ಓದದೇ ಇದ್ರೆ ನಾವೇನ್ ಮಾಡೋಕಾಗುತ್ತೆ? ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ.”

ಅವಳು ಚೀಲದಿಂದ ಒಂದು ಗೆರೆ ಪುಸ್ತಕ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟಳು. ಮೂಲೆಗಳು ನಾಯಿಕಿವಿಯಾಗಿದ್ದವು. ಪ್ರತಿ ಸಾಲಿನಲ್ಲೂ ತಾರೀಕು, ಯಾರು, ಏನು ಒತ್ತಿದರು, ಯಾರನ್ನು ಬೈದರು. ಕೆಲವರು ಡಾಕ್ಟರಿಗೆ ಬೈದಿದ್ದರು, ಕೆಲವರು ಫೋನಿಗೆ, ಒಬ್ಬಾಕೆ ಫೋನು ಕೊಡಿಸಿದ ಅಳಿಯನಿಗೆ. ಹೆಚ್ಚಿನವರು ಟೋಕನ್ ಅಕ್ಕನಿಗೇ ಬೈದಿದ್ದರು. ಆ ಬೈಗುಳಗಳನ್ನೂ ಅವಳು ಒಂದಕ್ಷರ ಬಿಡದೆ ಬರೆದಿದ್ದಳು.

“ಇನ್ನೂರ ಹದಿನಾಲ್ಕು ಜನ ಸಾರ್. ಒಬ್ರು ಎಡವಿದ್ರೆ ಕಾಲಿಂದು ತಪ್ಪು ಅನ್ನೋಣ. ಇಷ್ಟು ಜನ ಒಂದೇ ಜಾಗದಲ್ಲಿ ಎಡವಿದ್ರೆ ನೆಲ ಡೊಂಕೇ.”

ಮೇಡಂ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಓದತೊಡಗಿದರು. ಅದು ವಿನ್ಯಾಸಕರಿಗೆ ಇನ್ನೂ ಉರಿ ತಂದಿತು. “ನಮಗೆ ಬೇಕಾಗಿರೋದು ಟೂಲ್ಸ್ ಗೊತ್ತಿರೋರು. ಪುರಾಣ ಓದೋರಲ್ಲ,” ಎಂದವರೇ ಮೇಜಿನ ಮೇಲಿದ್ದ ಟ್ಯಾಬ್ ತಮ್ಮತ್ತ ತಿರುಗಿಸಿ, ಅವಳ ಅರ್ಜಿಯ ಕೆಳಗಿದ್ದ ‘ತಿರಸ್ಕರಿಸಿ’ ಎಂಬುದನ್ನು ಅವಳ ಕಣ್ಣೆದುರಿಗೇ ಒತ್ತಿದರು. ಪುಟ್ಟ ಪೆಟ್ಟಿಗೆಯೊಂದು ಎದ್ದು ಬಂತು: ‘ಈ ಅರ್ಜಿಯನ್ನು ರದ್ದು ಮಾಡಬೇಕೇ?’ ಕೆಳಗೆ ಅದೇ ಎರಡು ಗುಂಡಿ.

ವಿನ್ಯಾಸಕರು ‘ರದ್ದು’ ಎಂಬುದನ್ನು ಕುಟ್ಟಿದರು. ಪೆಟ್ಟಿಗೆ ಮಾಯವಾಯಿತು. ಅರ್ಜಿ ಇದ್ದಲ್ಲೇ ಇತ್ತು. ಮತ್ತೆ ‘ತಿರಸ್ಕರಿಸಿ’, ಮತ್ತೆ ‘ರದ್ದು’. ಅರ್ಜಿಯ ಫೋಟೋದೊಳಗಿನ ಟೋಕನ್ ಅಕ್ಕ ಅಲ್ಲಾಡದೆ ಅವರನ್ನೇ ನೋಡುತ್ತಿದ್ದಳು.

“ದರಿದ್ರ ನೆಟ್‌ವರ್ಕು,” ಎಂದು ಅವರು ಗೊಣಗಿದರು.

ಮೇಡಂ ಈ ಸಲ ನಗು ತಡೆಯುವ ಗೋಜಿಗೆ ಹೋಗಲಿಲ್ಲ. ಟ್ಯಾಬನ್ನು ಮೆಲ್ಲಗೆ ಎತ್ತಿಕೊಂಡು ತಮ್ಮ ಮುಂದಿಟ್ಟುಕೊಂಡರು. “ಇರ್ಲಿ ಬಿಡಿ ಸರ್. ಆ ಅರ್ಜಿ ಹಾಗೇ ಇರ್ಲಿ.”

“ಪುಸ್ತಕ ಒಂದ್ನಿಮಿಷ ಕೊಡಿ ಮೇಡಂ,” ಎಂದಳು ಅವಳು. ಪೆನ್ನು ತೆಗೆದು, ಕೊನೆಯ ಸಾಲಿನ ಕೆಳಗೆ, ಆತುರವಿಲ್ಲದೆ, ದುಂಡಗೆ ಬರೆದಳು:

‘೨೧೫. ಮುಖ್ಯ ವಿನ್ಯಾಸಕರು. ಎರಡು ಸಲ ರದ್ದು ಒತ್ತಿದರು. ನೆಟ್‌ವರ್ಕಿಗೆ ಬೈದರು.’