ಬರ್ತೀನಿ ಅಂದವಳು

ಹೊತ್ತು ಮುಳುಗುವುದರೊಳಗೆ ಚಿತ್ರಕ್ಕಿಳಿಯದ್ದು, ಕಟ್ಟಡವಾಗಲಿ ಮನುಷ್ಯರಾಗಲಿ, ಬೆಳಗಾದರೆ ಮೈಸೂರಿನಲ್ಲಿ ಇರುವುದಿಲ್ಲ. ಅದಕ್ಕೇ ಸುಗುಣ ದಿನವೂ ಚಿಕ್ಕ ಗಡಿಯಾರದ ಬೀದಿಯ ಚಿತ್ರ ಬರೆಯುತ್ತಾಳೆ. ಇಂದು ಗೋಪುರ, ಟಾಂಗಾ, ಹಣ್ಣಿನ ಗಾಡಿ ಎಲ್ಲ ಮುಗಿದಿದ್ದವು. ಹೂವಿನ ಪುಟ್ಟಮ್ಮಣ್ಣಿಯ ಜಾಗವೊಂದೇ ಖಾಲಿ.

"ಬರ್ತೀನಿ ಕಣವ್ವ" ಎಂದು ಎದ್ದುಹೋದವಳು ಟೀ ಕುಡಿದು ಬರುತ್ತಾಳೆಂದು ಸುಗುಣ ಕಾದೇ ಕಾದಳು.

"ಅಯ್ಯೋ, ಮನೆಗ್ ಹೋದ್ರಲ್ಲಕ್ಕಾ! ಬುಟ್ಟೀನೂ ಎತ್ಕೊಂಡೋದ್ರು" ಎಂದ ಹಣ್ಣಿನ ಸಿದ್ದಪ್ಪಾಜಿ.

ಬಿಸಿಲು ಗೋಪುರದ ತುದಿಗೇರಿತ್ತು. ಗಾಬರಿಯಲ್ಲಿ ಸುಗುಣಳ ಕಣ್ಣಿಗೆ ಕಟ್ಟಿದ್ದು ಹೊರಟುಹೋಗುವ ಬೆನ್ನೊಂದೇ. ಹಾಗೇ ಬರೆದರೆ ನಾಳೆ ಪುಟ್ಟಮ್ಮಣ್ಣಿ ಹೋಗುತ್ತಲೇ ಇರುತ್ತಾಳೆ.

ಸುಗುಣ ಬುಟ್ಟಿ ಹೊತ್ತು ಬರುವವಳನ್ನು ಬರೆದು, ಪಾದಗಳೆರಡನ್ನೂ ಈ ಕಡೆಗೇ ತಿರುಗಿಸಿದಳು.

ಬರ್ತೀನಿ ಅಂದಿದ್ದಳಲ್ಲ.