ಹಲ್ಲಲ್ಲಿ ಕಚ್ಚಿದ ಟಾರ್ಚು

ಅಂಗಡಿಯವನು ಕೊಟ್ಟ ಮೂರನೆಯ ಎಲ್‌ಇಡಿ ಟಾರ್ಚನ್ನೂ ಅವಳು ಹಲ್ಲಿನ ನಡುವೆ ಕಚ್ಚಿ ನೋಡಿದಳು. ಪಕ್ಕದಲ್ಲಿ ಅವಳ ತಮ್ಮ ಕೈಕಟ್ಟಿ ನಿಂತಿದ್ದ. ಭಾವ ಮಾಡುತ್ತಿದ್ದ ಲಿಫ್ಟ್ ರಿಪೇರಿ ಕೆಲಸಕ್ಕೆ ನಾಳೆಯಿಂದ ಅವನು ಹೋಗಬೇಕು.

“ಅಕ್ಕಾ, ಯಾವುದೋ ಒಂದು ತಗೋ, ಸಾಕು.”

“ಇರು.” ಅವಳ ದನಿಯಲ್ಲಿ ಏರೂ ಇಲ್ಲ, ಇಳಿವೂ ಇಲ್ಲ. ಕೆಲಸದಲ್ಲಿದ್ದಾಗ ಗಂಡನ ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ಕಂಬಿ ಇರುತ್ತಿತ್ತು. ಟಾರ್ಚು ಯಾವಾಗಲೂ ಬಾಯಲ್ಲೇ. ಅವತ್ತು ಲಿಫ್ಟ್ ಓಡಾಡುವ ಆಳದ ಗುಂಡಿಯ ಕತ್ತಲಲ್ಲಿ, ಐದನೇ ಮಹಡಿಯ ಎತ್ತರದಲ್ಲಿದ್ದಾಗ, ಕೆಳಗಿಂದ ಯಾರೋ ಕೂಗಿದ್ದರು. ಯಾರು ಕರೆದರೂ ಓಗೊಡುವ ಮನುಷ್ಯ, ಓಗೊಟ್ಟ. ಬಾಯಿಂದ ಟಾರ್ಚು ಜಾರಿತು. ಅದನ್ನು ಹಿಡಿಯಹೋಗಿ ಅವನೂ ಬಿದ್ದ. ಆಮೇಲೆ ಆ ಟಾರ್ಚನ್ನು ಮನೆಗೆ ತಂದುಕೊಟ್ಟಾಗ ಅದು ಇನ್ನೂ ಚೆನ್ನಾಗಿಯೇ ಉರಿಯುತ್ತಿತ್ತು. ಹೋದ ವರ್ಷ ಇದೇ ಅಂಗಡಿಯಲ್ಲಿ ಅವಳೇ ಆರಿಸಿದ್ದ ಗಟ್ಟಿ ಮಾಲು.

ಅವಳು ನಾಲ್ಕನೆಯದನ್ನು ಕಚ್ಚಿದಾಗ ಅಂಗಡಿಯವನಿಗೆ ಹೊಳೆಯಿತು. “ಕೈ ಎರಡೂ ಖಾಲಿ ಇರಬೇಕಾ? ಮೊದಲೇ ಹೇಳಬಾರದೇನಮ್ಮಾ!” ಹಿಂದಿನ ಮೊಳೆಯಿಂದ, ಪಟ್ಟಿ ಇದ್ದ ದೀಪವೊಂದನ್ನು ತೆಗೆದು ಧೂಳು ಒರೆಸಿ ತಮ್ಮನ ಹಣೆಗೆ ಕಟ್ಟಿದ. ಎದುರಿನ ಗೋಡೆಯ ಮೇಲೆ ಬೆಳಕು ದುಂಡಗೆ ಬಿತ್ತು.

“ಲೋ ತಮ್ಮಾ,” ಎಂದು ಅವಳು ಕೂಗಿದಳು.

“ಓ.”

ಬೆಳಕು ಕದಲಲಿಲ್ಲ. ಅವಳು ಅದನ್ನೇ ನೋಡುತ್ತ ನಿಂತಳು.

“ಇದು ನಿಮ್ಮ ಅಂಗಡಿಗೆ ಯಾವಾಗ ಬಂತು?”

“ಅಯ್ಯೋ, ಐದಾರು ವರ್ಷ ಆಯ್ತಮ್ಮ. ಇಲ್ಲೇ ನೇತಾಡ್ತಿದೆ, ಯಾರೂ ಕೇಳಲ್ಲ.”