ಬಿಂದುಶ್ರೀ ಬದಲಿಗೆ ಅಜ್ಜಿಯ ಪ್ರದಕ್ಷಿಣೆ

ಇದನ್ನು ಓದಿ ಯಾರಿಗಾದರೂ ಸಿಟ್ಟು ಬಂದರೆ ಬರಲಿ... ನನಗಂತೂ ಬಂದಿದೆ, ಅದಕ್ಕೇ ಕಳಿಸುತ್ತಿದ್ದೇನೆ.

ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಬಿಂದುಶ್ರೀ ಎಂಬ ಹುಡುಗಿ ಇದ್ದಾಳೆ. ಹೈಸ್ಕೂಲು ಓದುತ್ತಾಳೆ. ಚಿಕ್ಕವಳಿದ್ದಾಗ ರಕ್ತದ ಕ್ಯಾನ್ಸರ್ ಬಂದಿತ್ತು... ಗೆದ್ದು ಬಂದಳು.

ಆದರೆ ಅವಳನ್ನು ಉಳಿಸಿದ ಔಷಧಿಯೇ ಅವಳ ಹೃದಯವನ್ನು ದುರ್ಬಲ ಮಾಡಿತ್ತು.

ಹೃದಯದ ಡಾಕ್ಟರು ಎಲ್ಲಾ ಟೆಸ್ಟ್ ಮಾಡಿ, "ಇವಳನ್ನು ಸುಮ್ಮನೆ ಕೂರಿಸಬೇಡಿ. ನಾವು ಹೇಳಿಕೊಟ್ಟ ಹಾಗೆ ದಿನಾ ನಡೆಸಿ, ನಿಧಾನವಾಗಿ ಜಾಸ್ತಿ ಮಾಡಿ. ಕೂತಷ್ಟೂ ಶಕ್ತಿ ಕಡಿಮೆಯಾಗುತ್ತೆ" ಎಂದು ಬಿಡಿಸಿ ಹೇಳಿದ್ದರು.

ಕೇಳುವವರು ಯಾರು?

ಶಾಲೆಯಲ್ಲಿ ಪಿ.ಟಿ. ಪಿರಿಯಡ್ ಬಂದರೆ ಮರದ ಕೆಳಗೆ ಕೂರಿಸುತ್ತಾರೆ. ಮದುವೆಗೆ ಹೋದರೆ ಯಾರಾದರೂ ಓಡಿ ಬಂದು ಕುರ್ಚಿ ಹಾಕುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು... "ಅಯ್ಯೋ, ಪಾಪ!"

ಕೂರಿಸಿ ಕೂರಿಸಿ, ಈಗ ಮನೆಯ ಮೆಟ್ಟಿಲು ಹತ್ತಿದರೂ ಅವಳಿಗೆ ಏದುಸಿರು. ಅದನ್ನು ನೋಡಿ ಇನ್ನಷ್ಟು ಕೂರಿಸುತ್ತಾರೆ! ಇದಕ್ಕೆ ಪ್ರೀತಿ ಎನ್ನಬೇಕಾ?

ಇದರಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ಅವಳ ಅಜ್ಜಿ ಹಾಲಮ್ಮ. ಮೊಮ್ಮಗಳ ಹೃದಯ ಗಟ್ಟಿಯಾಗಲಿ ಎಂದು ಆಂಜನೇಯನಿಗೆ ದಿನಾ ಪ್ರದಕ್ಷಿಣೆ ಹಾಕುವ ಹರಕೆ ಹೊತ್ತಿದ್ದರು.

ಹರಕೆ ಮೊಮ್ಮಗಳ ಹೆಸರಲ್ಲಿ... ಸುತ್ತುವುದು ಮಾತ್ರ ಅಜ್ಜಿ! ಹುಡುಗಿಯನ್ನು ಗುಡಿಯ ಕಟ್ಟೆಯ ಮೇಲೆ ಕೂರಿಸಿ, ಮಂಡಿ ನೋವಿನಲ್ಲೇ ಕುಂಟುತ್ತಾ ಸುತ್ತುತ್ತಿದ್ದರು.

ಮೊನ್ನೆ ಶನಿವಾರ ಸಂಜೆ ನಾನೂ ಅಲ್ಲೇ ಇದ್ದೆ. ಬಿಂದುಶ್ರೀ ಕಟ್ಟೆಯಿಂದ ಇಳಿದು ಅಜ್ಜಿಯ ದಾರಿಗೆ ಅಡ್ಡ ನಿಂತಳು.

"ಯಾಕವ್ವಾ ಎದ್ದೆ? ಕೂತ್ಕೋ, ಸುಸ್ತಾಗ್ತತಿ. ನಿನ್ನ ಬದ್ಲಿ ನಾನು ಸುತ್ತುತೀನಲ್ಲ!" ಎಂದರು ಹಾಲಮ್ಮ.

"ನನ್ನ ಬದ್ಲಿ ನೀನು ಉಂಡ್ರೆ ನನ್ನ ಹೊಟ್ಟೆ ತುಂಬ್ತತೇನಜ್ಜಿ?" ಹುಡುಗಿ ಸಿಟ್ಟಿನಿಂದ ಕೇಳಿದಳು. "ಡಾಕ್ಟ್ರು ನಡಿ ಅಂದಿದ್ದು ನನಗೆ. ಗಟ್ಟಿಯಾಗ್ಬೇಕಾಗಿರೋದು ನನ್ನ ಎದೆ. ಕ್ಯಾನ್ಸರ್ರೇ ನನ್ನ ಬಿಟ್ಟು ಹೋಯ್ತು... ನೀವ್ಯಾರೂ ಬಿಡ್ತಿಲ್ಲ!"

ಹಾಲಮ್ಮನ ಕಣ್ಣಿಂದ ದಳದಳ ನೀರು ಇಳಿಯಿತು. ಸೆರಗಿನಿಂದ ಮುಖ ಒರೆಸಿಕೊಂಡು, ತಾವೇ ಹೋಗಿ ಕಟ್ಟೆಯ ಮೇಲೆ ಕೂತರು.

"ಹೋಗವ್ವ... ನಿಂದು ನೀನೇ ಸುತ್ತು. ಡಾಕ್ಟ್ರು ಹೇಳ್ದಂಗೆ ನಿಧಾನಕ್ಕೆ ಸುತ್ತು. ನಾನು ನೋಡ್ತಾ ಕುಂತಿರ್ತೀನಿ."

ಬಿಂದುಶ್ರೀ ನಡೆಯತೊಡಗಿದಳು. ಏದುಸಿರು ಬಂದಾಗ ನಿಂತಳು... ಸುಧಾರಿಸಿಕೊಂಡು ಮತ್ತೆ ನಡೆದಳು.

ಅಷ್ಟರಲ್ಲಿ ಯಾರೋ ಒಬ್ಬಾಕೆ, "ಅಯ್ಯೋ ಪಾಪ, ಆ ಹುಡುಗೀನ ಯಾಕೆ ನಡೆಸ್ತೀರಿ?" ಎನ್ನುತ್ತಾ ಅವಳ ಕೈ ಹಿಡಿದು ನಿಲ್ಲಿಸಲು ಹೋದಳು.

ಹಾಲಮ್ಮ ಕೂತಲ್ಲಿಂದಲೇ ಗುಡುಗಿದರು, "ಪಾಪ ಅನ್ನಬ್ಯಾಡ್ರಿ ನನ್ನ ಮೊಮ್ಮಗಳಿಗೆ! ಆಗೋದಾದ್ರೆ ಅವಳ ಜತೆ ನಡೀರಿ... ಇಲ್ಲಾಂದ್ರೆ ದಾರಿ ಬಿಡ್ರಿ!"

*ಕಾಯಿಲೆ ಗೆದ್ದು ಬಂದ ಮಗುವಿಗೆ ನಿಮ್ಮ ಅಯ್ಯೋಪಾಪ ಬೇಡ... ಡಾಕ್ಟರನ್ನು ಕೇಳಿ, ಜತೆಗೆ ನಾಲ್ಕು ಹೆಜ್ಜೆ ನಡೆಯಿರಿ.*

ಪ್ರೀತಿಯ ಹೆಸರಲ್ಲಿ ನೀವು ಯಾರನ್ನು ಕೂರಿಸಿಬಿಟ್ಟಿದ್ದೀರಿ... ಒಮ್ಮೆ ಯೋಚಿಸುತ್ತೀರಾ?